ಅಟ್ಟದ ಕ್ಯಾಸೆಟ್ಟುಗಳನ್ನು ಯಾರ ಕೈಗೆ ಕೊಡುವುದು?

2025ರಲ್ಲಿ ನಮ್ಮ ಕಾಸರಗೋಡಿನ ಮಧೂರು ದೇವಸ್ಥಾನದಲ್ಲಿ, ಅಪರೂಪಕ್ಕೆ ನಡೆಯುವ ಮೂಡಪ್ಪ ಸೇವೆಗೆ ಚಪ್ಪರ ಏಳುತ್ತಿದ್ದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಒಮ್ಮೆಗೇ ನೆನಪಾದದ್ದು 1992ರ ಮೂಡಪ್ಪದ ಕ್ಯಾಸೆಟ್ಟು. ಆಗ ಅಬುಧಾಬಿಯಿಂದ ರಜೆಯಲ್ಲಿ ಬಂದಿದ್ದ ಸೋದರಮಾವ ಹೆಗಲ ಮೇಲೆ ಕ್ಯಾಮರಾ ಹೊತ್ತು ಎರಡು ಗಂಟೆ ಚಿತ್ರೀಕರಿಸಿದ್ದರು. ಹುಡುಕಿದರೆ ಅಟ್ಟದಲ್ಲಿ, ಅಡಕೆ ಗೋಣಿಗಳ ಹಿಂದೆ, ತಗಡಿನ ಪೆಟ್ಟಿಗೆಯೊಳಗೆ ಅದೊಂದೇ ಅಲ್ಲ, ಹದಿನೇಳು ಕ್ಯಾಸೆಟ್ಟುಗಳು ಸಿಕ್ಕವು. ಅತ್ತೆಯ ಮದುವೆ, ಗೃಹಪ್ರವೇಶ, ಎರಡು ತಾಳಮದ್ದಲೆ (ವೇಷವಿಲ್ಲದೆ ಕುಳಿತು ಮಾತಾಡುವ ಯಕ್ಷಗಾನ), ಒಂದು ನೇಮ (ದೈವಾರಾಧನೆ), ಉಪನಯನ, ಮಕ್ಕಳ ಶಾಲಾ ವಾರ್ಷಿಕೋತ್ಸವ. ಕ್ಯಾಸೆಟ್ಟುಗಳೇನೋ ಇದ್ದವು, ಹಾಕಿ ನೋಡಲು ವಿಸಿಆರ್ ಇರಲಿಲ್ಲ. ಅದು ಗುಜರಿಗೆ ಹೋಗಿ ಹದಿನೈದು ವರ್ಷವಾಗಿತ್ತು.

ಸಲಹೆಗೆ ಬರವಿರಲಿಲ್ಲ. ಪೇಟೆಯ ಸ್ಟುಡಿಯೋಕ್ಕೆ ಕೊಟ್ಟುಬಿಡು, ವಾರದಲ್ಲಿ ಪೆನ್‌ಡ್ರೈವಿಗೆ ಹಾಕಿ ಕೊಡುತ್ತಾರೆ ಎಂದರು ಭಾವ. ಆನ್‌ಲೈನಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಯುಎಸ್‌ಬಿ ಸಾಧನ ಸಿಗುತ್ತದೆ, ನಾವೇ ಮಾಡೋಣ ಎಂದ ತಂಗಿಯ ಮಗ. ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗ, ಕೊರಿಯರ್ ಮಾಡು, ಇಲ್ಲಿ ಅದಕ್ಕೆಂದೇ ಕುಳಿತವರಿದ್ದಾರೆ ಎಂದ. ಮೂವರ ಮಾತನ್ನೂ ಕೇಳಿದೆ, ಮೂರೂ ದಾರಿಯಲ್ಲಿ ಹೋಗಿ ಬಂದೆ. ನಿಮ್ಮ ಅಟ್ಟದಲ್ಲೂ ಇಂಥದೊಂದು ಪೆಟ್ಟಿಗೆ ಇದ್ದರೆ ಈ ಬರಹ ಕೆಲವು ಸಾವಿರ ರೂಪಾಯಿಯನ್ನೂ ಒಂದೆರಡು ಕ್ಯಾಸೆಟ್ಟನ್ನೂ ಉಳಿಸೀತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ವಿಷಯದಲ್ಲಿ ಯಾರನ್ನೇ ಕೇಳಿ, ಚಿತ್ರ ಎಷ್ಟು ಸ್ಪಷ್ಟ ಬರುತ್ತದೆ ಎಂಬುದರ ಬಗ್ಗೆಯೇ ಮಾತು. ನಮ್ಮ ಕಡೆಯ ಮನೆಗಳ ಕ್ಯಾಸೆಟ್ಟಿನಲ್ಲಿ ಬೆಲೆಬಾಳುವುದು ಹೆಚ್ಚಾಗಿ ಶಬ್ದ. ಅತ್ತೆಯ ಮದುವೆಯ ಫೋಟೋ ಆಲ್ಬಮ್ ಇದೆ, ಅದರಲ್ಲಿ ಎಲ್ಲರ ಮುಖವೂ ಇದೆ. ಆದರೆ ಅಜ್ಜಿಯ ದನಿ ಇನ್ನೆಲ್ಲೂ ಇಲ್ಲ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಮಾತುಗಾರಿಕೆ ಇರುವ ತಾಳಮದ್ದಲೆಯ ಕ್ಯಾಸೆಟ್ಟು ನಿಮ್ಮಲ್ಲಿದೆ ಎಂದುಕೊಳ್ಳಿ. ಕುಳಿತು ಮಾತಾಡುವವರ ಚಿತ್ರ ಸ್ವಲ್ಪ ಮಸುಕಾದರೆ ನಷ್ಟವೇನು? ಒಂದು ವಾಕ್ಯ ನುಂಗಿಹೋದರೆ ಅದೇ ನಷ್ಟ. ಹಾಗಾಗಿ ಮುಂದಿನ ಹೋಲಿಕೆಯಲ್ಲಿ ನಾನು ಕಿವಿಯ ಪಕ್ಷ ವಹಿಸಿದ್ದೇನೆ.

ಪೆಟ್ಟಿಗೆಯಲ್ಲಿ ಏನಿದೆ?

ದಾರಿ ಆರಿಸುವ ಮೊದಲು ಕ್ಯಾಸೆಟ್ಟುಗಳನ್ನು ಮೇಜಿನ ಮೇಲೆ ಹರಡಿ, ಜಾತಿ ಬೇರ್ಪಡಿಸಿ. ದೊಡ್ಡ ಕಪ್ಪು ಇಟ್ಟಿಗೆಯಂಥದ್ದು ವಿಎಚ್‌ಎಸ್. ಜೆವಿಸಿ ಕಂಪನಿ 1976ರಲ್ಲಿ ತಂದದ್ದು, ನಮ್ಮಲ್ಲಿ ಮದುವೆ ವಿಡಿಯೋ ಎಂದರೆ ಬಹುಪಾಲು ಇದೇ. ಅದೇ ಪಟ್ಟಿಯನ್ನು, ಅಂದರೆ ಟೇಪನ್ನು, ಚಿಕ್ಕ ಡಬ್ಬಿಗೆ ಸುತ್ತಿದರೆ ವಿಎಚ್‌ಎಸ್-ಸಿ. ಅದನ್ನು ಒಂದು ಅಡಾಪ್ಟರಿನೊಳಗೆ ಕೂರಿಸಿ ಸಾಮಾನ್ಯ ವಿಸಿಆರಿನಲ್ಲೇ ಓಡಿಸಬಹುದು. ಆಡಿಯೋ ಕ್ಯಾಸೆಟ್ಟಿನಷ್ಟೇ ಇರುವ ವಿಡಿಯೋ8, ಹಾಯ್8 ಮತ್ತು ಡಿಜಿಟಲ್8 ಬೇರೆ ಕುಲ. ಇವುಗಳ ಪಟ್ಟಿಯ ಅಗಲ 8 ಮಿಲಿಮೀಟರ್, ವಿಎಚ್‌ಎಸ್‌ನದು 12.7. ಇದಕ್ಕೂ ಅಡಾಪ್ಟರ್ ಇದೆ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ, ಅಂಥದ್ದು ಇಲ್ಲವೇ ಇಲ್ಲ. ಎಲ್ಲಕ್ಕಿಂತ ಚಿಕ್ಕದು ಮಿನಿಡಿವಿ. 1995ರಿಂದ ಈಚೆಯದು, ಒಳಗಿರುವುದು ಆಗಲೇ ಡಿಜಿಟಲ್.

ಆಮೇಲೆ ಬೂಷ್ಟು. ವಿಎಚ್‌ಎಸ್ ಕ್ಯಾಸೆಟ್ಟಿನ ಪಕ್ಕದಲ್ಲಿ ಒಂದು ಸಣ್ಣ ಗುಂಡಿ ಇದೆ. ಅದನ್ನು ಉಗುರಿನಿಂದ ಒತ್ತಿ ಹಿಡಿದರೆ ಮುಂದಿನ ಮುಚ್ಚಳ ಮೇಲೇಳುತ್ತದೆ, ಪಟ್ಟಿ ಕಾಣುತ್ತದೆ. ಮೇಲಿನ ಪಾರದರ್ಶಕ ಕಿಂಡಿಯಿಂದ ಟಾರ್ಚ್ ಬಿಟ್ಟು ಸುರುಳಿಯ ಅಂಚನ್ನೂ ನೋಡಿ. ಆರೋಗ್ಯವಂತ ಸುರುಳಿ ಗ್ರಾಮಾಫೋನ್ ತಟ್ಟೆಯಂತೆ ನುಣ್ಣಗೆ, ಕಪ್ಪಗೆ ಹೊಳೆಯುತ್ತದೆ. ನಮ್ಮ ಮೂಡಪ್ಪದ ಕ್ಯಾಸೆಟ್ಟಿನಲ್ಲಿ ಅಂಚಿನ ಗುಂಟ ಬಿಳಿ ಧೂಳು ಕೂತಿತ್ತು. ಹಪ್ಪಳದ ಮೇಲಿನ ಅಕ್ಕಿಹಿಟ್ಟಿನಂತೆ, ಅಲ್ಲಲ್ಲಿ ಜೇಡರ ಬಲೆಯ ಎಳೆಯಂತೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ, ಜಡಿಮಳೆಯ ಆಟಿ ತಿಂಗಳಿನಲ್ಲಿ ಚಪ್ಪಲಿಗೂ ಬೂಷ್ಟು ಬರುವ ಮನೆಗಳಲ್ಲಿ ಇದು ಅಚ್ಚರಿಯಲ್ಲ. ಅಂಥ ಕ್ಯಾಸೆಟ್ಟನ್ನು ಒಮ್ಮೆ ಹಾಕಿ ನೋಡೋಣ ಎನ್ನಬೇಡಿ. ಆ ಧೂಳು ವಿಸಿಆರಿನಲ್ಲಿ ಪಟ್ಟಿಯನ್ನು ಓದುವ ಭಾಗವಾದ ಹೆಡ್ಡಿಗೆ ಮೆತ್ತಿಕೊಂಡು, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಅಂಟುತ್ತದೆ. ಒಂದು ಕೊಳೆತ ಅಡಕೆ ಗೋಣಿಯನ್ನೇ ಕೆಡಿಸಿದ ಹಾಗೆ. ಬಿಳಿ ಕಂಡವನ್ನು ಬೇರೆ ಚೀಲಕ್ಕೆ ಹಾಕಿ. ನಮ್ಮಲ್ಲಿ ಹದಿನೇಳರಲ್ಲಿ ನಾಲ್ಕು ಆ ಚೀಲಕ್ಕೆ ಹೋದವು.

ಕೈ ಆಡಿಸುವಾಗಲೇ ಇನ್ನೊಂದು ಕೆಲಸ ಮಾಡಿಬಿಡಿ. ಕ್ಯಾಸೆಟ್ಟಿನ ಬೆನ್ನಿನ ಒಂದು ಮೂಲೆಯಲ್ಲಿ ಚಿಕ್ಕ ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಅದನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದರೆ ಯಾರೂ ತಪ್ಪಿ ಅದರ ಮೇಲೆ ರೆಕಾರ್ಡ್ ಮಾಡಲಾರರು. ನಮ್ಮ ಉಪನಯನದ ಮಧ್ಯದಲ್ಲಿ ಇಪ್ಪತ್ತು ನಿಮಿಷ ಕ್ರಿಕೆಟ್ ಪಂದ್ಯ ಬರುವುದು ಈ ಹಲ್ಲು ಉಳಿದದ್ದರಿಂದ.

ಶಬ್ದ ಪಟ್ಟಿಯ ಯಾವ ಭಾಗದಲ್ಲಿದೆ?

ಇದನ್ನು ತಿಳಿದುಕೊಂಡರೆ ಯಾರ ಕೈಗೆ ಕೊಡಬಹುದು, ಯಾರ ಕೈಗೆ ಕೊಡಬಾರದು ಎಂಬುದು ಅರ್ಧ ತೀರ್ಮಾನವಾದಂತೆ. ವಿಎಚ್‌ಎಸ್‌ನಲ್ಲಿ ಚಿತ್ರ ಬರೆಯುವುದು ತಿರುಗುವ ಡ್ರಮ್ಮು. ನಮ್ಮ ಟಿವಿಗಳ ಪಾಲ್ ಪದ್ಧತಿಯಲ್ಲಿ ಅದು ನಿಮಿಷಕ್ಕೆ 1,500 ಸುತ್ತು ತಿರುಗುತ್ತ ಪಟ್ಟಿಯ ಮೇಲೆ ಓರೆಗೆರೆಗಳನ್ನು ಎಳೆಯುತ್ತದೆ. ಶಬ್ದ ಮಾತ್ರ ಪಟ್ಟಿಯ ಒಂದು ಅಂಚಿನಲ್ಲಿ, ಸೀರೆಯ ಅಂಚಿನ ಹಾಗೆ, ಉದ್ದಕ್ಕೆ ಒಂದು ತೆಳು ಗೆರೆ. ಪಟ್ಟಿ ಚಲಿಸುವ ವೇಗ ಸೆಕೆಂಡಿಗೆ 2.34 ಸೆಂಟಿಮೀಟರ್. ಸಾಮಾನ್ಯ ಆಡಿಯೋ ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಅಂದರೆ ಹಾಡಿನ ಕ್ಯಾಸೆಟ್ಟಿನ ಅರ್ಧ ವೇಗ. ಹಳೆಯ ವಿಡಿಯೋಗಳ ಮಾತು ಕಂಬಳಿಯೊಳಗಿಂದ ಬಂದಂತೆ ಕೇಳಿಸುವುದಕ್ಕೆ ಕಾರಣ ಇದೇ. ದುಡ್ಡು ಉಳಿಸಲೆಂದು ಲಾಂಗ್ ಪ್ಲೇಯಲ್ಲಿ ಮೂರು ಗಂಟೆಯ ಕ್ಯಾಸೆಟ್ಟಿಗೆ ಆರು ಗಂಟೆ ತುಂಬಿಸಿದ್ದರೆ ವೇಗ ಅದರಲ್ಲೂ ಅರ್ಧ. ರಾತ್ರಿಯಿಡೀ ನಡೆದ ಯಕ್ಷಗಾನದ ಆಟಗಳನ್ನು ಹೀಗೆಯೇ ತೆಗೆದಿರುವುದು ಹೆಚ್ಚು.

ಪಟ್ಟಿ ಸುಕ್ಕಾಗುವುದು, ಮಡಚುವುದು ಮೊದಲು ಅಂಚಿನಲ್ಲಿ. ಆದ್ದರಿಂದ ಕೆಟ್ಟ ಯಂತ್ರ ಮೊದಲು ತಿನ್ನುವುದು ಶಬ್ದವನ್ನು. ಒಳ್ಳೆಯ ಕ್ಯಾಮರಾದಲ್ಲಿ ತೆಗೆದಿದ್ದರೆ ಹೈಫೈ ಶಬ್ದ ಎಂಬ ಎರಡನೆಯ ದಾಖಲೆಯೂ ಇದ್ದೀತು. ಅದನ್ನು ಬರೆಯುವುದು ತಿರುಗುವ ಡ್ರಮ್ಮೇ, ಗುಣವೂ ಎಷ್ಟೋ ಮೇಲು. ಆದರೆ ಅದನ್ನು ಓದಲು ಹೈಫೈ ವಿಸಿಆರೇ ಬೇಕು. ರೆಕಾರ್ಡ್ ಮಾಡದೆ ಬರೀ ಓಡಿಸುವ ಅಗ್ಗದ ವಿಸಿಪಿಯಲ್ಲಿ ಹಾಕಿದರೆ ಅಂಚಿನ ಮಂಕು ಶಬ್ದವಷ್ಟೇ ಸಿಗುತ್ತದೆ, ಒಳ್ಳೆಯದು ಅಲ್ಲೇ ಇದ್ದರೂ ಕೈಗೆ ಬರುವುದಿಲ್ಲ. ಸ್ಟುಡಿಯೋದವರನ್ನು ನಾನು ಈಗ ಕೇಳುವ ಮೊದಲ ಪ್ರಶ್ನೆ, ನಿಮ್ಮ ವಿಸಿಆರ್ ಹೈಫೈ ಹೌದೋ ಅಲ್ಲವೋ ಎಂಬುದು. ಮುಖ ಮುಖ ನೋಡಿಕೊಂಡರೆ ಕ್ಯಾಸೆಟ್ಟನ್ನು ಚೀಲದಿಂದ ಹೊರಗೇ ತೆಗೆಯುವುದಿಲ್ಲ.

ಊರಿನ ಸ್ಟುಡಿಯೋ

ಅನುಕೂಲಗಳು ನಿಜವಾದವು. ಹತ್ತಿರ, ಪರಿಚಯದವರು, ಕನ್ನಡ ತುಳು ಮಲಯಾಳ ಎಲ್ಲದರಲ್ಲೂ ಮಾತಾಡಬಹುದು, ಕೊರಿಯರಿನ ಭಯವಿಲ್ಲ. ಎಷ್ಟೋ ಕಡೆ ಅಂದು ಮದುವೆ ಚಿತ್ರೀಕರಿಸಿದ ವಿಡಿಯೋದವರೇ ಇಂದೂ ಅಂಗಡಿ ಇಟ್ಟಿದ್ದಾರೆ, ಆ ಕಾಲದ ಒಳ್ಳೆಯ ವಿಸಿಆರ್ ಡೆಕ್ಕುಗಳನ್ನು ಜೋಪಾನವಾಗಿಯೂ ಇಟ್ಟುಕೊಂಡಿದ್ದಾರೆ. ಅಂಥವರು ಸಿಕ್ಕರೆ ನಿಮ್ಮ ಪುಣ್ಯ.

ನನಗೆ ಸಿಕ್ಕವರು ಅಂಥವರಲ್ಲ. ಹೆಸರು ಬೇಡ. ಅತ್ತೆಯ ಮದುವೆಯದೂ ಗೃಹಪ್ರವೇಶದ್ದೂ ಕೊಟ್ಟಿದ್ದೆ. ಬಂದದ್ದು ಎರಡು ಡಿವಿಡಿ. ಅಗಲ ಟಿವಿಗೆ ಸರಿಹೊಂದಲೆಂದು ಚಿತ್ರವನ್ನು ಅಡ್ಡಕ್ಕೆ ಎಳೆದಿದ್ದರು. ಕಡ್ಡಿಯಂತಿದ್ದ ಅತ್ತೆ ಮಂಟಪದಲ್ಲಿ ಕುಂಬಳಕಾಯಿಯಂತೆ ಕುಳಿತಿದ್ದಳು. ಅತ್ತೆ ಅದನ್ನು ನೋಡಿ ಎದ್ದು ಹೋದಳು. ಶಬ್ದದಲ್ಲಿ ಗೊಜಗೊಜ ಇತ್ತಂತೆ, ಹಾಗಾಗಿ ಪ್ರೀತಿಯಿಂದ ನಾಗಸ್ವರ ಸೇರಿಸಿದ್ದರಂತೆ. ಗೃಹಪ್ರವೇಶದಲ್ಲಿ ವೇಸ್ಟ್ ಭಾಗ ತೆಗೆದಿದ್ದೇವೆ ಎಂದರು. ಏನದು ಎಂದರೆ, ಕ್ಯಾಮರಾ ಆಫ್ ಮಾಡಲು ಮರೆತು ಎಲ್ಲೋ ಇಟ್ಟಿದ್ದಾರೆ, ಬರೀ ಕಾಲುಗಳು ಕಾಣುತ್ತವೆ ಎಂದರು. ಪುಣ್ಯಕ್ಕೆ ಮೂಲ ಕ್ಯಾಸೆಟ್ಟುಗಳನ್ನು ವಾಪಸು ತಂದಿದ್ದೆ.

ತಿಂಗಳ ನಂತರ ಮನೆಯಲ್ಲೇ ಆ ಕ್ಯಾಸೆಟ್ಟು ಹಾಕಿದಾಗ ತಿಳಿದದ್ದು ಹೀಗೆ. ಮಾವ ಊಟಕ್ಕೆ ಎದ್ದಾಗ ಓಡುತ್ತಿದ್ದ ಕ್ಯಾಮರಾವನ್ನು ಜಗಲಿಯ ಬೆಂಚಿನ ಮೇಲೆ ಇಟ್ಟಿದ್ದಾರೆ. ಚಪ್ಪರದ ಅಡಕೆ ಮರದ ಕಂಬ, ಅದರಾಚೆ ಓಡಾಡುವ ಕಾಲುಗಳು, ಒಂದು ಬಾಳೆಲೆಯ ಕಟ್ಟು. ಹನ್ನೊಂದು ನಿಮಿಷ ಇಷ್ಟೇ ಕಾಣುವುದು. ಕೇಳುವುದು ಅಜ್ಜಿ. ತೆಂಗಿನಕಾಯಿ ತಂದವನೊಡನೆ ಮಲಯಾಳದಲ್ಲಿ ಲೆಕ್ಕ ಮಾಡುತ್ತಾಳೆ, ಒಲೆಗೆ ಸೌದೆ ಸಾಲದೆಂದು ತುಳುವಿನಲ್ಲಿ ಗದರುತ್ತಾಳೆ, ತಂಗಿಯೊಡನೆ ಹವ್ಯಕದಲ್ಲಿ ಬೀಗರ ಸುದ್ದಿ ತೆಗೆಯುತ್ತಾಳೆ, ಕರ್ನಾಟಕದಿಂದ ಬಂದ ನೆಂಟರು ಹತ್ತಿರ ಬಂದ ಕೂಡಲೇ ಪುಸ್ತಕದ ಕನ್ನಡಕ್ಕೆ ಹೊರಳಿ, ಕೈಕಾಲು ತೊಳೆದು ಬನ್ನಿ, ಎಲೆ ಹಾಕಿದೆ ಎನ್ನುತ್ತಾಳೆ. ಗಡಿಯ ಈ ತುದಿಯ ಮನೆಯೊಂದು ಹೇಗೆ ಮಾತಾಡುತ್ತಿತ್ತು ಎಂಬುದಕ್ಕೆ ನಮ್ಮಲ್ಲಿರುವ ಒಂದೇ ದಾಖಲೆ ಅದು. ಸ್ಟುಡಿಯೋದವರಿಗೆ ಅದು ವೇಸ್ಟು. ಅವರನ್ನು ಬೈಯುವುದರಲ್ಲಿ ಅರ್ಥವಿಲ್ಲ, ಅವರು ಕಣ್ಣಿನಿಂದ ನೋಡಿ ಕತ್ತರಿಸಿದರು.

ಹಾಗಾಗಿ ಸ್ಟುಡಿಯೋಕ್ಕೆ ಕೊಡುವುದಾದರೆ ಚೀಟಿಯಲ್ಲಿ ಬರೆದು ಕೊಡಿ: ಏನನ್ನೂ ಕತ್ತರಿಸಬಾರದು, ಕತ್ತಲಿದ್ದರೂ ಖಾಲಿ ಇದ್ದರೂ ಮೊದಲಿನಿಂದ ಕೊನೆಯವರೆಗೆ ಹಾಗೇ ಬೇಕು. ಹಾಡು ಸೇರಿಸಬಾರದು, ಶಬ್ದವನ್ನು ಮುಟ್ಟಲೇಬಾರದು. ಚಿತ್ರದ ಅಗಲ-ಎತ್ತರದ ಅನುಪಾತ 4:3 ಆಗಿಯೇ ಇರಬೇಕು, ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಬರಲಿ. ಡಿವಿಡಿ ಬೇಡ, ಫೈಲು ಬೇಕು. ಮೊದಲು ಒಂದೇ ಕ್ಯಾಸೆಟ್ಟು ಕೊಟ್ಟು ನೋಡಿ. ಎಚ್‌ಡಿ ಮಾಡಿ ಕೊಡುತ್ತೇವೆ ಎಂಬ ಮಾತಿಗೆ ಮರುಳಾಗಬೇಡಿ. ವಿಎಚ್‌ಎಸ್‌ನಲ್ಲಿ ಇರುವುದೇ ಅಡ್ಡಕ್ಕೆ ಸುಮಾರು 240 ಗೆರೆಗಳಷ್ಟು ವಿವರ, ಇಲ್ಲದ್ದನ್ನು ತರುವುದು ಎಲ್ಲಿಂದ? ಕೃತಕ ಬುದ್ಧಿಮತ್ತೆಯ ತಂತ್ರಾಂಶ ತುಂಬಿಸಿಕೊಟ್ಟ ವಿವರ ಅದರದೇ ಊಹೆ. ನಮ್ಮ ಅಜ್ಜನ ಮುಖ ಅದರಲ್ಲಿ ಮೇಣದ ಗೊಂಬೆಯಾಗಿತ್ತು, ಹಣೆಯ ಗಾಯದ ಗುರುತೇ ಮಾಯ.

ಮನೆಯಲ್ಲೇ ಮಾಡುವುದು

ಹತ್ತಕ್ಕಿಂತ ಹೆಚ್ಚು ಕ್ಯಾಸೆಟ್ಟು, ಒಂದಿಷ್ಟು ತಾಳ್ಮೆ ಮತ್ತು ಕಂಪ್ಯೂಟರ್ ಬಲ್ಲ ಒಬ್ಬ ಹುಡುಗ ಇದ್ದರೆ ನನ್ನ ಮತ ಇದಕ್ಕೇ. ದುಡ್ಡಿನ ಕಾರಣಕ್ಕಲ್ಲ. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು, ಬೇಗ ಓಡಿಸುವ ಉಪಾಯವಿಲ್ಲ. ಅಷ್ಟು ಹೊತ್ತು ಯಾರಾದರೂ ಎದುರು ಕುಳಿತಿರಬೇಕು. ಆ ಕುಳಿತವರು ಮನೆಯವರಾದರೆ ಯಾವುದು ವೇಸ್ಟು, ಯಾವುದು ಅಲ್ಲ ಎಂದು ಗೊತ್ತಾಗುತ್ತದೆ.

ಮೊದಲ ಕಷ್ಟ ವಿಸಿಆರ್. ಹೊಸದು ಸಿಗುವುದಿಲ್ಲ, ಜಪಾನಿನ ಫುನಾಯ್ ಕಂಪನಿ 2016ರಲ್ಲಿ ತಯಾರಿಕೆ ನಿಲ್ಲಿಸಿದ ಮೇಲೆ ಆ ಕಥೆ ಮುಗಿಯಿತು. ಆದರೆ ಕಾಸರಗೋಡು, ಉಪ್ಪಳ, ಕುಂಬಳೆಯ ಕಡೆ ಗಲ್ಫಿನಿಂದ ಬಂದ ಸಾಮಾನು ತುಂಬಿದ ಮನೆಗಳಿಗೆ ಬರವಿಲ್ಲ. ನನಗೆ ಸಿಕ್ಕದ್ದು ನೆರೆಯವರ ಷೋಕೇಸಿನಲ್ಲಿ, ಕಸೂತಿ ಬಟ್ಟೆ ಹೊದ್ದು, ಮೇಲೆ ಹೂದಾನಿ ಹೊತ್ತು ಕುಳಿತಿದ್ದ ಹೈಫೈ ಡೆಕ್ಕು. ತಂದ ಕೂಡಲೇ ನಿಮ್ಮ ಕ್ಯಾಸೆಟ್ಟು ತುರುಕಬೇಡಿ. ಒಳಗಿನ ರಬ್ಬರ್ ಬೆಲ್ಟು ಸಡಿಲವಾಗಿದ್ದರೆ ಪಟ್ಟಿಯನ್ನು ಎಳೆದು ನುಂಗುತ್ತದೆ. ಮೊದಲು ಯಾವುದಾದರೂ ಬೇಡದ ಸಿನಿಮಾ ಕ್ಯಾಸೆಟ್ಟು ಹಾಕಿ ಅರ್ಧ ಗಂಟೆ ಓಡಿಸಿ, ಮುಂದಕ್ಕೆ ಹಿಂದಕ್ಕೆ ಸುತ್ತಿಸಿ, ಹೊರತೆಗೆದು ಪಟ್ಟಿಯ ಅಂಚು ನೋಡಿ.

ಹೆಡ್ಡು ತೊಳೆಯುವುದನ್ನು ನಾನು ಒಬ್ಬ ಹಳೆಯ ಟಿವಿ ಮೆಕ್ಯಾನಿಕರಿಂದ ಕಲಿತೆ. ಪ್ಲಗ್ ಕಿತ್ತು, ಮೇಲಿನ ಮುಚ್ಚಳ ತೆಗೆದರೆ ಓರೆಯಾಗಿ ನಿಂತ ಹೊಳೆಯುವ ಲೋಟದಂಥದ್ದು ಕಾಣುತ್ತದೆ, ಅದೇ ಡ್ರಮ್ಮು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒದ್ದೆ ಮಾಡಿದ ಬಿಳಿ ಕಾಗದದ ತುಂಡನ್ನು ಒಂದು ಬೆರಳಿನಿಂದ ಅದರ ಬದಿಗೆ ಹಗುರವಾಗಿ ಆನಿಸಿ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮಿನ ನೆತ್ತಿಯನ್ನು ನಿಧಾನ ತಿರುಗಿಸಬೇಕು. ಕಾಗದ ಅಲ್ಲಾಡಬಾರದು, ಡ್ರಮ್ಮು ತಿರುಗಬೇಕು. ಮೇಲೆ ಕೆಳಗೆ ಉಜ್ಜಿದಿರೋ, ಕೂದಲಿನಷ್ಟು ಸೂಕ್ಷ್ಮವಾದ ಹೆಡ್ಡು ಮುರಿದು ಹೋಗುತ್ತದೆ. ಕಿವಿಗೆ ಹಾಕುವ ಹತ್ತಿಯ ಕಡ್ಡಿಯಂತೂ ಬೇಡವೇ ಬೇಡ. ಕಾಗದದ ಮೇಲೆ ಕಂದು ಗೆರೆ ಮೂಡಿದರೆ ಕೊಳೆ ಬಂತೆಂದು ಅರ್ಥ, ಬಿಳಿಯಾಗಿಯೇ ಉಳಿಯುವವರೆಗೆ ಹೊಸ ತುಂಡು. ಶಬ್ದದ ಹೆಡ್ಡು ಬೇರೆಯೇ ಇದೆ, ಬಲಬದಿಯಲ್ಲಿ, ಅಲುಗದೆ ನಿಂತಿರುವುದು. ಅದನ್ನು ಒರೆಸಲು ಹೆಚ್ಚಿನವರು ಮರೆಯುತ್ತಾರೆ. ಒರೆಸಿದ ಮೇಲೆ ನಮ್ಮ ತಾಳಮದ್ದಲೆಯ ಚೆಂಡೆಯ ಪೆಟ್ಟು ಮೊದಲ ಸಲ ಪೆಟ್ಟಿನಂತೆ ಕೇಳಿಸಿತು.

ಎರಡನೆಯ ಕಷ್ಟ ಯುಎಸ್‌ಬಿ ಸಾಧನ. ಸಾವಿರ ರೂಪಾಯಿಯೊಳಗೆ ಸಿಗುವುದು ಕೆಲಸ ಮಾಡುವುದಿಲ್ಲವೆಂದಲ್ಲ. ವಿಸಿಆರಿನ ಹಳದಿ ತಂತಿಯಿಂದ ಚಿತ್ರ, ಕೆಂಪು ಬಿಳಿ ತಂತಿಯಿಂದ ಶಬ್ದ ತೆಗೆದುಕೊಂಡು ಕಂಪ್ಯೂಟರಿಗೆ ಕೊಡುತ್ತದೆ. ಅದರ ರೋಗ ಬೇರೆ. ಹಳೆಯ ಕ್ಯಾಸೆಟ್ಟಿನ ಚಿತ್ರ ಅಲ್ಲಲ್ಲಿ ಎಗರುತ್ತದೆ. ಎಗರಿದಾಗ ಸಾಧನ ಕೆಲವು ಚೌಕಟ್ಟುಗಳನ್ನು (ಫ್ರೇಮುಗಳನ್ನು) ಕೈಬಿಡುತ್ತದೆ, ಶಬ್ದ ಮಾತ್ರ ನಿಲ್ಲದೆ ಬರುತ್ತಲೇ ಇರುತ್ತದೆ. ಮೊದಲ ಹತ್ತು ನಿಮಿಷ ಸರಿ ಇದ್ದದ್ದು ಗಂಟೆ ಕಳೆಯುವಷ್ಟರಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ. ಭಾಗವತರು ಜಾಗಟೆ ಬಡಿಯುವುದಕ್ಕೂ ಸದ್ದಿಗೂ ತಾಳ ತಪ್ಪಿದರೆ ಆಟ ನೋಡುವವರಿಗೆ ಹಲ್ಲುನೋವು ಬಂದ ಹಾಗೆ.

ಮದ್ದು ಇದೆ. ವಿಸಿಆರಿಗೂ ಸಾಧನಕ್ಕೂ ನಡುವೆ ಹಳೆಯ ಡಿವಿಡಿ ರೆಕಾರ್ಡರ್ ಸೇರಿಸಿದರೆ, ಅಂಥವುಗಳಲ್ಲಿ ಕೆಲವು ಎಗರುವ ಚಿತ್ರವನ್ನು ಹದಕ್ಕೆ ತಂದು ಮುಂದೆ ಕಳಿಸುತ್ತವೆ. ವೃತ್ತಿಯವರು ಇದಕ್ಕೆಂದೇ ಟೈಮ್ ಬೇಸ್ ಕರೆಕ್ಟರ್ ಎಂಬ ಉಪಕರಣ ಇಟ್ಟುಕೊಂಡಿರುತ್ತಾರೆ. ಒಂದು ಕ್ಯಾಸೆಟ್ಟನ್ನು ಒಂದೇ ಉಸಿರಿಗೆ ತೆಗೆಯದೆ ಅರ್ಧರ್ಧ ಗಂಟೆಯ ತುಂಡಾಗಿ ತೆಗೆದರೂ ತಪ್ಪು ಬೆಳೆಯುವುದು ನಿಲ್ಲುತ್ತದೆ. ನಾನು ಮಾಡಿದ್ದು ಈ ಎರಡನೆಯ ಬಡವರ ಉಪಾಯವನ್ನೇ. ಎಚ್‌ಡಿಎಂಐಗೆ ಬದಲಿಸಿಕೊಡುವ ಡಬ್ಬಿಗಳೂ ಇವೆ. ಅವು ಚಿತ್ರವನ್ನು ಎಳೆದು ಅಗಲ ಮಾಡುವುದರಲ್ಲಿ ಆ ಸ್ಟುಡಿಯೋದವರಿಗಿಂತ ಮುಂದು, ಹಾಗಾಗಿ ಬದಿಗಿಟ್ಟೆ.

ಕಂಪ್ಯೂಟರಿನಲ್ಲಿ ಓಬಿಎಸ್ ಎಂಬ ಉಚಿತ ತಂತ್ರಾಂಶ ಸಾಕು. ಅಳತೆ 720 ಬೈ 576, ಸೆಕೆಂಡಿಗೆ 25 ಚೌಕಟ್ಟು, ಪದ್ಧತಿ ಪಾಲ್. ಅಮೆರಿಕದ ನೆಂಟರು ಕಳಿಸಿದ ಕ್ಯಾಸೆಟ್ಟಾದರೆ ಎನ್‌ಟಿಎಸ್‌ಸಿ ಆಗಿರುತ್ತದೆ, ಅದನ್ನು ಓದಬಲ್ಲ ಡೆಕ್ಕೇ ಬೇಕು. ಸೌದಿಯಲ್ಲಿ ಟಿವಿಯಿಂದ ಹಿಡಿದದ್ದು ಕಪ್ಪು ಬಿಳುಪಾಗಿ ಬಂದರೆ ಕ್ಯಾಸೆಟ್ಟು ಕೆಟ್ಟಿತೆಂದು ಎಸೆಯಬೇಡಿ, ಅಲ್ಲಿ ಸೆಕಾಮ್ ಪದ್ಧತಿ ಇತ್ತು. ಚಿತ್ರದ ತೀರ ಕೆಳಗೆ ಒಂದು ಬೆರಳಗಲ ಗೆರೆ ನಡುಗುತ್ತಿರುವುದು ಎಲ್ಲ ವಿಎಚ್‌ಎಸ್‌ನಲ್ಲೂ ಇರುವುದೇ. ಅಂದು ಟಿವಿಯ ಚೌಕಟ್ಟು ಅದನ್ನು ಮುಚ್ಚುತ್ತಿತ್ತು, ಅಷ್ಟೆ.

ಕಾಲವನ್ನೂ ನೋಡಿ. ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯದು. ಜುಲೈಯಲ್ಲಿ ಪ್ರಯತ್ನಿಸಿದಾಗ ಡೆಕ್ಕು ತೇವ ಇದೆಯೆಂದು ಎಚ್ಚರಿಕೆ ತೋರಿಸಿ ಓಡಲು ಒಪ್ಪಲೇ ಇಲ್ಲ. ಅದರಲ್ಲಿ ಅದಕ್ಕೆಂದೇ ಒಂದು ಸಂವೇದಕ ಇರುತ್ತದೆ. ಹೇರ್ ಡ್ರೈಯರ್ ಹಿಡಿಯುವ ಯೋಚನೆ ಬಂತು, ಮೆಕ್ಯಾನಿಕರು ಬೈದರು. ಮಳೆಗಾಲದ ಕರೆಂಟಿನ ಬಗ್ಗೆ ಹೇಳಬೇಕಿಲ್ಲ, ಯುಪಿಎಸ್ ಇರಲಿ.

ಕೊರಿಯರ್ ಮಾಡುವ ದಾರಿ

ಬೂಷ್ಟು ಬಂದದ್ದು, ಪಟ್ಟಿ ತುಂಡಾದದ್ದು, ಡಬ್ಬಿ ಒಡೆದದ್ದು: ಇವುಗಳಿಗೆ ಮಾತ್ರ ದೊಡ್ಡ ಊರಿನ ಕೇಂದ್ರಗಳೇ ಸರಿ ಎಂದು ನನ್ನ ಅನುಭವ. ಅವರಲ್ಲಿ ಪಟ್ಟಿ ಒರೆಸುವ ಯಂತ್ರ ಇರುತ್ತದೆ, ಒಂದು ಡಬ್ಬಿಯ ಸುರುಳಿಯನ್ನು ಇನ್ನೊಂದಕ್ಕೆ ಕೂರಿಸುತ್ತಾರೆ. ವಿಎಚ್‌ಎಸ್ ಡಬ್ಬಿಗೆ ಅಡಿಯಲ್ಲಿ ಐದು ಸ್ಕ್ರೂ ಇವೆ, ಬಿಚ್ಚುವುದು ಸುಲಭ, ಅದೇ ಅಪಾಯ. ತುಂಡಾದ ಪಟ್ಟಿಗೆ ಮನೆಯ ಸೆಲ್ಲೋಟೇಪ್ ಅಂಟಿಸಿ ಕಳಿಸಬೇಡಿ. ಅದರ ಅಂಟು ಜಿನುಗಿ ಸುತ್ತಲ ಪದರಗಳಿಗೂ ಹೆಡ್ಡಿಗೂ ಮೆತ್ತುತ್ತದೆ.

ದರ ಹೆಚ್ಚು, ಹೋಗಿ ಬರಲು ವಾರಗಳು ಹಿಡಿಯುತ್ತವೆ. ನಮಗಂತೂ ಮಂಗಳೂರು ರೈಲಿನಲ್ಲಿ ಸುಮಾರು 50 ಕಿಲೋಮೀಟರ್, ಅಲ್ಲಿಯವರೆಗೆ ಕೈಯಲ್ಲೇ ಒಯ್ದೆ. ಬೆಂಗಳೂರಿಗೆ ಕಳಿಸುವುದಾದರೆ ಎಲ್ಲವನ್ನೂ ಒಂದೇ ಪಾರ್ಸೆಲಿನಲ್ಲಿ ಹಾಕಬೇಡಿ. ಪ್ರತಿ ಕ್ಯಾಸೆಟ್ಟಿಗೆ ನಂಬರ್ ಬರೆದು ಫೋಟೋ ತೆಗೆದಿಟ್ಟುಕೊಳ್ಳಿ. ವಿಮಾನ ನಿಲ್ದಾಣದ ಎಕ್ಸ್‌ರೇಯಿಂದ ಪಟ್ಟಿಗೆ ಏನೂ ಆಗುವುದಿಲ್ಲ, ಅಯಸ್ಕಾಂತಕ್ಕೆ ಹೆದರಿದರೆ ಸಾಕು, ಉದಾಹರಣೆಗೆ ದೊಡ್ಡ ಸ್ಪೀಕರಿನ ಮೇಲೆ ಇಡಬಾರದು.

ಮೂಡಪ್ಪದ ಕ್ಯಾಸೆಟ್ಟು ಹೋದದ್ದು ಈ ದಾರಿಯಲ್ಲಿ. ಬಂದಾಗ ಮೊದಲ ಕೆಲವು ನಿಮಿಷ ಹಿಮ ಸುರಿದಂತೆ, ಆಮೇಲೆ ಎಲ್ಲವೂ ಸರಿ. ಅಲ್ಲಿಯವರು ಕೇಳದೆಯೇ ಎರಡು ಶಬ್ದಗಳನ್ನೂ ಬೇರೆ ಬೇರೆ ಕೊಟ್ಟಿದ್ದರು, ಅಂಚಿನದು ಒಂದು, ಹೈಫೈಯದು ಒಂದು. ಅಂಥವರಿಗೆ ಹೆಚ್ಚು ದುಡ್ಡು ಕೊಡಲು ನನಗೆ ಬೇಸರವಿಲ್ಲ.

ಚಿಕ್ಕ ಕ್ಯಾಸೆಟ್ಟುಗಳು, ಮತ್ತು ಮೊಬೈಲ್

8 ಮಿಲಿಮೀಟರಿನವುಗಳಿಗೆ ಕ್ಯಾಮರಾವೇ ವಿಸಿಆರ್. ಹಾಯ್8 ಕ್ಯಾಮರಾ ವಿಡಿಯೋ8ನ್ನೂ ಓದುತ್ತದೆ, ವಿಡಿಯೋ8 ಕ್ಯಾಮರಾ ಹಾಯ್8ನ್ನು ಸರಿಯಾಗಿ ಓದುವುದಿಲ್ಲ. ಇವುಗಳ ಶಬ್ದವನ್ನು ತಿರುಗುವ ಡ್ರಮ್ಮೇ ಬರೆದಿರುವುದರಿಂದ ವಿಎಚ್‌ಎಸ್‌ಗಿಂತ ಚೆನ್ನ. ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನದ ಕೆರೆಯ ಬಬಿಯಾ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಿತು. ನಮ್ಮ ಒಂದು ವಿಡಿಯೋ8ರಲ್ಲಿ ಅದು ಹಸಿರು ನೀರಿನಲ್ಲಿ ಮೂಗು ಎತ್ತಿ ಏಳೆಂಟು ಸೆಕೆಂಡು ನಿಂತಿದೆ. ಅಲ್ಲಿ ಮಾತ್ರ ನಾನೂ ಚಿತ್ರದ ಪಕ್ಷ.

ಮಿನಿಡಿವಿಯನ್ನು ಹಳದಿ ತಂತಿಯಿಂದ ತೆಗೆಯುವುದು ತಪ್ಪು. ಕ್ಯಾಮರಾದಲ್ಲಿ ಡಿಜಿಟಲ್ ತಂತಿ ಹಾಕಲೆಂದೇ ಇರುವ ಫೈರ್‌ವೈರ್ ಕಿಂಡಿಯಿಂದ ತೆಗೆದರೆ ಒಳಗಿನ ಡಿಜಿಟಲ್ ದಾಖಲೆಯೇ ಚೂರೂ ಬದಲಾಗದೆ ಇಳಿಯುತ್ತದೆ, ಗಂಟೆಗೆ ಸುಮಾರು 13 ಜಿಬಿ. ಈಗಿನ ಲ್ಯಾಪ್‌ಟಾಪುಗಳಲ್ಲಿ ಆ ಕಿಂಡಿ ಇಲ್ಲ. ಹಳೆಯ ಕಂಪ್ಯೂಟರ್ ಯಾರ ಮನೆಯಲ್ಲಾದರೂ ಇದೆಯೇ ಕೇಳಿ. ಸ್ಟುಡಿಯೋದವರು ಇದನ್ನು ಹೇಗೆ ತೆಗೆಯುತ್ತಾರೆ ಎಂಬುದೇ ಅವರಿಗೆ ಕೆಲಸ ಗೊತ್ತೋ ಇಲ್ಲವೋ ಎಂಬುದಕ್ಕೆ ಪರೀಕ್ಷೆ.

ಟಿವಿಯಲ್ಲಿ ಓಡುವುದನ್ನು ಮೊಬೈಲಿನಲ್ಲಿ ಹಿಡಿಯುವವರೂ ಇದ್ದಾರೆ. ಚಿತ್ರ ಮಿನುಗುತ್ತದೆ, ಕೋಣೆಯ ಫ್ಯಾನು ಅರ್ಥಧಾರಿಯ ಜತೆ ಮಾತಾಡುತ್ತದೆ. ಆದರೂ ಪಟ್ಟಿ ಇವತ್ತೋ ನಾಳೆಯೋ ಎಂಬಂತಿದ್ದು ಬೇರೆ ಸಾಧನ ಕೈಯಲ್ಲಿಲ್ಲದಿದ್ದರೆ ಹಿಡಿದುಬಿಡಿ. ಇಲ್ಲದ್ದಕ್ಕಿಂತ ಮೇಲು.

ಫೈಲು ಬಂದ ಮೇಲೆ

ದೊಡ್ಡ ಫೈಲನ್ನು ಹಾಗೇ ಇಡಿ, ನೋಡುವುದಕ್ಕೆ ಚಿಕ್ಕದೊಂದು ಎಂಪಿ4 ಮಾಡಿಕೊಳ್ಳಿ. ಸೆಕೆಂಡಿಗೆ 8 ಮೆಗಾಬಿಟ್ ಇಟ್ಟರೆ ಗಂಟೆಗೆ 3.6 ಜಿಬಿ ಆಗುತ್ತದೆ, ಮೂವತ್ತು ಗಂಟೆಯದ್ದು 108 ಜಿಬಿ. ಎರಡು ಹಾರ್ಡ್ ಡಿಸ್ಕ್, ಎರಡು ಬೇರೆ ಮನೆಗಳಲ್ಲಿ. ನಮ್ಮದು ಒಂದು ಇಲ್ಲಿ, ಒಂದು ಪುತ್ತೂರಿನ ತಂಗಿಯ ಮನೆಯಲ್ಲಿ. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಪ್ರತಿಯೆಂದು ಲೆಕ್ಕಕ್ಕೆ ಹಿಡಿಯಬೇಡಿ, ಅದು ಹಿಂಡಿ ಸಿಪ್ಪೆ ಮಾಡಿ ಕಳಿಸುತ್ತದೆ. ನೇಮದ ಕ್ಯಾಸೆಟ್ಟನ್ನು ಯೂಟ್ಯೂಬಿಗೆ ಹಾಕುವ ಮೊದಲು ಕುಟುಂಬದ ಹಿರಿಯರನ್ನೂ ದೈವ ಕಟ್ಟಿದವರ ಮನೆಯವರನ್ನೂ ಕೇಳಿ. ನಮ್ಮಲ್ಲಿ ಬೇಡವೆಂದರು, ಹಾಕಲಿಲ್ಲ.

ಮೂಲ ಕ್ಯಾಸೆಟ್ಟನ್ನು ಎಸೆಯುವ ಮಾತೇ ಇಲ್ಲ. ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಅಟ್ಟದಲ್ಲಲ್ಲ, ಮನುಷ್ಯರು ಮಲಗುವ ಕೋಣೆಯ ಕಪಾಟಿನಲ್ಲಿ ಇಡಿ.

ಇನ್ನು ಯಾರು ಯಾರು ಎಂದು ಬರೆದಿಡುವ ಕೆಲಸ. ಮಾವನಿಗೆ ಈಗ ಎಪ್ಪತ್ತೆಂಟು. ಪ್ರತಿ ಭಾನುವಾರ ಒಂದು ಫೈಲು ಹಾಕಿ, ಅವರು ಹೇಳಿದ್ದನ್ನು ನಿಮಿಷ ಸಮೇತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಕಾಲುಗಳ ಆ ಹನ್ನೊಂದು ನಿಮಿಷವನ್ನು ನಾಲ್ಕು ಸಲ ಕೇಳಿದೆವು. ತೆಂಗಿನಕಾಯಿಯವನ ಹೆಸರು ಸಿಕ್ಕಿತು, ಸೌದೆಯವನದೂ ಸಿಕ್ಕಿತು, ಬೀಗರ ಸುದ್ದಿ ಯಾವುದೆಂದೂ ತಿಳಿಯಿತು, ಅದನ್ನು ಇಲ್ಲಿ ಬರೆಯುವಂತಿಲ್ಲ. ಒಂಬತ್ತನೆಯ ನಿಮಿಷದಲ್ಲಿ ಅಜ್ಜಿ ಏನೋ ಹೇಳಿದ ಕೂಡಲೇ ಕ್ಯಾಮರಾದ ಹತ್ತಿರವೇ ಒಬ್ಬ ಹೆಂಗಸು ಗಟ್ಟಿಯಾಗಿ ನಗುತ್ತಾಳೆ. ಅದು ಯಾರೆಂದು ಮಾವನಿಗೂ ಗೊತ್ತಾಗಲಿಲ್ಲ. ಮುಂದಿನ ತಿಂಗಳು ಅಜ್ಜಿಯ ತಂಗಿ ಬರುತ್ತಾರೆ, ಅವರಿಗೆ ಕೇಳಿಸಬೇಕು.